ಮಾಡದೊಳಗಿನ ಚಿಲುಮಿ

ತಲೆಬರಹ ನೋಡಿ ಹುಬ್ಬು ಗಂಟಿಕ್ಕಬೇಡಿ, ಸೋದರಿಯರೇ! ಉಪ್ಪಿನಕಾಯಿ, ಹಪ್ಪಳ, ಮಕ್ಕಳ ಕೆಮ್ಮು ನೆಗಡಿಗಳ ಮಾತು ಬರುವ ಪುಟಗಳಲ್ಲಿ ಇವಳೇಕೆ ಚಿಲುಮಿಯ ಸುದ್ದಿ ತಂದಳು ಎಂದು ನಿಮಗೆ ಅನಿಸುವುದು ಸಹಜ. ನಾನು ಸೇದುವವಳಲ್ಲ, ನಿಮಗೆ ಸೇದುವುದನ್ನು ಹೇಳಿಕೊಡಲು ಬಂದವಳೂ ಅಲ್ಲ. ಆದರೆ ಮನೆ ಗುಡಿಸುವಾಗ, ಅಟ್ಟ ಇಳಿಸುವಾಗ, ಮಕ್ಕಳ ಕೋಣೆ ಓರಣ ಮಾಡುವಾಗ ಕೈಗೆ ಸಿಕ್ಕ ಸಾಮಾನು ಏನು, ಯಾತಕ್ಕೆ ಬರುತ್ತದೆ ಎಂದು ಗೊತ್ತಿರಬೇಕಾದವರು ನಾವೇ ತಾನೇ? ಗೊತ್ತಿಲ್ಲದೆ ನಮ್ಮ ವೈನಿ ಒಂದು ಕೆಲಸ ಮಾಡಿದಳು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನನ್ನ ಜೊತೆ ಕಲಬುರಗಿಯ ಬಸ್ಸು ಹತ್ತಿ.

ನನ್ನ ತವರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರ್. ಕೆಂಪು ಬಾಳೆಹಣ್ಣಿನ ಊರು ಎಂದರೆ ಬೇಗ ಗುರುತು ಹಿಡಿಯುತ್ತೀರಿ. ಕಳೆದ ಶ್ರಾವಣದಲ್ಲಿ ಅಣ್ಣ ಹಳೆಯ ಮನೆಯನ್ನು ಬಿಚ್ಚಿಸಿ ಹೊಸದು ಕಟ್ಟಿಸುತ್ತೇನೆಂದು ಕರೆ ಕಳಿಸಿದ. "ಆಯಿಯ ಸಾಮಾನು ಏನಿದ್ರೂ ನೀನೇ ಬಂದು ನೋಡು, ನನಗ ಒಗೆಯಾಕ ಮನಸ್ಸು ಬರವಲ್ದು" ಅಂದ. ಹೊರಟೆ.

ಕಲಬುರಗಿಯಲ್ಲಿ ಇಳಿದ ಮೇಲೆ ಮುಂದಿನ ಬಸ್ಸಿಗೆ ಅವಸರ ಮಾಡದೆ ಅರ್ಧ ದಿನ ಊರು ನೋಡಿದೆ. ನೀವೂ ಹಾಗೇ ಮಾಡಿ. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಇದೆ. ಬೇರೆ ಮಸೀದಿಗಳಲ್ಲಿರುವ ಬಯಲು ಅಂಗಳ ಇದಕ್ಕಿಲ್ಲ, ಪೂರಾ ಮಾಡು ಹಾಕಿದ್ದು. ಬಿಸಿಲಿನ ಊರಿನಲ್ಲಿ ಒಳಗೆ ಕಾಲಿಟ್ಟರೆ ಮಣ್ಣಿನ ಹರವಿಯೊಳಗೆ ಕೈ ಇಟ್ಟಂತೆ ತಂಪು. ಅಲ್ಲಿಂದ ಖಾಜಾ ಬಂದೇ ನವಾಜರ ದರ್ಗಾ. ದರ್ಗಾದ ದಾರಿಯಲ್ಲಿ ಹೂವು, ಊದುಬತ್ತಿ, ಜಪಮಣಿಗಳ ಅಂಗಡಿಗಳು. ನಾನು ಹುಡುಗಿಯಾಗಿದ್ದಾಗ ಮುತ್ಯಾನ ಕೈಹಿಡಿದು ಇದೇ ದಾರಿಯಲ್ಲಿ ಉರುಸಿಗೆ ಬಂದಿದ್ದೆ. ದೂರದೂರದಿಂದ ಬಂದ ಫಕೀರರು ಗೋಡೆಯ ನೆರಳಿಗೆ ದುಂಡಗೆ ಕೂತು ಒಂದೇ ಚಿಲುಮಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮುತ್ಯಾ ನನ್ನ ಕೈ ಬಿಟ್ಟು ಅವರ ನಡುವೆ ಹೋಗಿ ಕೂತುಬಿಡುತ್ತಿದ್ದ. ಊರಲ್ಲಿ ನೂರೆಂಟು ಮಡಿ ಮೈಲಿಗೆ ಮಾಡುವ ಮನುಷ್ಯನಿಗೆ ಅಲ್ಲಿ ಮಾತ್ರ ಯಾವುದೂ ನೆನಪಾಗುತ್ತಿರಲಿಲ್ಲ!

ಒಂದು ವಿಷಯ ಹೇಳಲೇ? ಖಾಜಾ ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ. ಅವರು ತಂಬಾಕನ್ನು ಕಣ್ಣಿನಿಂದಲೂ ಕಂಡವರಲ್ಲ. ಅವರಿಗಿಂತ ಮುಂಚಿನ ನಮ್ಮ ಹನ್ನೆರಡನೆಯ ಶತಮಾನದ ಶರಣರೂ ಅಷ್ಟೇ. ತಂಬಾಕು ಅಮೆರಿಕದ ಗಿಡ. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆಯೇ ಅದು ಹೊರಗಿನ ಜಗತ್ತಿಗೆ ಬಿದ್ದದ್ದು. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು. ನಮ್ಮ ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆಗಳ ತವರೂ ಅಮೆರಿಕವೇ. ಮೆಣಸಿನಕಾಯಿ ನಮ್ಮ ಒಲೆಯ ಕಡೆ ಬಂತು, ತಂಬಾಕು ಗಂಡಸರ ಕಟ್ಟೆಯ ಕಡೆ ಹೋಯಿತು.

ಉತ್ತರದ ಬಾದಶಹನಿಗೆ ತಂಬಾಕಿನ ರುಚಿ ತೋರಿಸಿದ್ದು ನಮ್ಮ ವಿಜಯಪುರ ಎಂದರೆ ನಂಬುತ್ತೀರಾ? ಅಕ್ಬರ್ ಬಾದಶಹ ಅಸದ್ ಬೇಗ್ ಎಂಬವನನ್ನು ಆದಿಲ್‌ಶಾಹಿ ದರ್ಬಾರಿಗೆ ರಾಯಭಾರಿಯಾಗಿ ಕಳಿಸಿದ್ದ. 1604ರ ಸುಮಾರಿಗೆ ಹಿಂತಿರುಗುವಾಗ ಅವನು ವಿಜಯಪುರದಿಂದ ತಂಬಾಕನ್ನೂ ಅದನ್ನು ಸೇದುವ ಒಂದು ನಳಿಗೆಯನ್ನೂ ಒಯ್ದ. ಅದರ ಸೊಗಸನ್ನು ತಾನೇ ಬರೆದಿಟ್ಟಿದ್ದಾನೆ: ಮೂರು ಮೊಳ ಉದ್ದದ ಕೊಳವೆ, ಎರಡು ತುದಿಗೂ ರತ್ನ ಮತ್ತು ಮೀನಾಕಾರಿಯ ಅಲಂಕಾರ, ತುಟಿಗೆ ತಾಗುವಲ್ಲಿ ಯೆಮನ್ ದೇಶದ ಕೆಂಪು ಹರಳು. ತಂಬಾಕು ತುಂಬಿದ್ದು ಎಲ್ಲಿ ಗೊತ್ತೇ? ಆದಿಲ್‌ಶಹ ಉಡುಗೊರೆ ಕೊಟ್ಟ ಎಲೆಯಡಿಕೆಯ ಚೀಲದಲ್ಲಿ. ನಮ್ಮ ಕಡೆಯ ಚಂಚಿ ಅಂದುಕೊಳ್ಳಿ! ಅಕ್ಬರ್ ಒಂದೆರಡು ದಮ್ಮು ಎಳೆದನಂತೆ. ಆಸ್ಥಾನದ ಹಕೀಮ ಬೇಡವೇ ಬೇಡ ಎಂದು ತಡೆದನಂತೆ. ಅಸದ್ ಬೇಗ್ ಹಕೀಮನ ಜೊತೆ ವಾದಕ್ಕೆ ನಿಂತನಂತೆ. ಕೊನೆಗೆ ಅಕ್ಬರ್ ಬಿಟ್ಟ, ದರ್ಬಾರಿನ ಉಳಿದವರೆಲ್ಲ ಹಿಡಿದರು. ಅವನ ಮಗ ಜಹಾಂಗೀರ್ 1617ರಲ್ಲಿ ತಂಬಾಕು ನಿಷೇಧಿಸಿ ಅಪ್ಪಣೆ ಹೊರಡಿಸಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇರಲಿ, ಕಮಲಾಪುರಕ್ಕೆ ಹೋಗೋಣ. ಕಲಬುರಗಿ ಬಿಟ್ಟಾಗ ಎರಡೂ ಬದಿಗೆ ಕಪ್ಪು ಎರೆಭೂಮಿ, ತೊಗರಿಯ ಹೊಲ. ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ನೆಲ ಏರುತಗ್ಗಾಗಿ ಮಣ್ಣಿನ ಬಣ್ಣ ತಿರುಗುತ್ತದೆ. 2017ರಿಂದ ಕಲಬುರಗಿ–ಬೀದರ್ ರೈಲೂ ಇದೆ, ಕಮಲಾಪುರದಲ್ಲಿ ನಿಲ್ದಾಣವಾಗಿದೆ. ಆದರೂ ರಸ್ತೆಯಲ್ಲೇ ಬನ್ನಿ, ಬಾಳೆಹಣ್ಣಿಗಾಗಿ. ಸಿಪ್ಪೆ ಮಾತ್ರ ಕೆಂಪು, ತಿರುಳು ಕೆನೆಯ ಬಣ್ಣ. ಬೆಲೆ ಕೇಳಿ ಮುಖ ಸಪ್ಪೆ ಮಾಡಬೇಡಿ. ಎರಡೇ ಹಣ್ಣು ಕಿವುಚಿ, ಹಾಲು, ಬೆಲ್ಲ, ಯಾಲಕ್ಕಿ ಹಾಕಿ ಶೀಕರಣಿ ಮಾಡಿ ನೋಡಿ.

ನಮ್ಮ ಹಳೆಯ ಮನೆಯ ಗೋಡೆ ಎರಡು ಮೊಳ ದಪ್ಪ. ಒಲೆಯ ಬದಿಗೆ ಒಂದು ಮಾಡ. ಆಯಿ ಅದರಲ್ಲಿ ದೀಪ ಇಡುತ್ತಿದ್ದಳು. ಎಣ್ಣೆಯ ಜಿಡ್ಡು, ಮಸಿ ಹಿಡಿದ ಆ ಮಾಡದ ಹಿಂಬದಿಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಚಿಂದಿ ಗಂಟು. ಬಿಚ್ಚಿದರೆ ಮುತ್ಯಾನ ಚಿಲುಮಿ, ಚಕಮಕಿ ಕಲ್ಲು, ಆಯಿಯೇ ಹೊಲಿದ ಚಂಚಿ. ಕೌದಿ ಹೊಲಿದು ಉಳಿದ ತುಂಡುಗಳಿಂದ ಮಾಡಿದ್ದು. ಒಂದು ಅರೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ತಂಬಾಕು. ಮೂಸಿದೆ. ಇಷ್ಟು ವರ್ಷದ ಮೇಲೂ ಘಾಟು ಹೋಗಿರಲಿಲ್ಲ.

ನೋಡದವರಿಗಾಗಿ ಹೇಳುತ್ತೇನೆ. ಚಿಲುಮಿ ಎಂದರೆ ಸುಟ್ಟ ಮಣ್ಣಿನ ನೇರ ಕೊಳವೆ, ಗೇಣಿಗಿಂತ ಕಡಿಮೆ. ಮೇಲೆ ಅಗಲ, ಕೆಳಗೆ ಸಣ್ಣ. ಎಣ್ಣೆ ಸುರಿಯುವ ಲಾಳಿಕೆಯ ಹಾಗೆ. ಒಳಗೆ ಒಂದು ಸಣ್ಣ ಕಲ್ಲು ಇರುತ್ತದೆ. ನಾನು ಅದನ್ನು ಕಸವೆಂದು ಕೊಡವಿಬಿಡುತ್ತಿದ್ದೆ, ಅಣ್ಣ ತಡೆದ. ಆ ಕಲ್ಲು ತಂಬಾಕು ಬಾಯಿಗೆ ಬರದಂತೆ ತಡೆಯುತ್ತದೆ, ಸುತ್ತಲಿನ ಸಂದಿಯಿಂದ ಹೊಗೆ ಮಾತ್ರ ಬರುತ್ತದೆ. ಕೆಳತುದಿಗೆ ಒದ್ದೆ ಬಟ್ಟೆ ಸುತ್ತಿ, ಎರಡೂ ಕೈ ಮುಷ್ಟಿ ಮಾಡಿ ಹಿಡಿದು, ಮುಷ್ಟಿಯ ಸಂದಿಗೆ ಬಾಯಿ ಇಟ್ಟು ಎಳೆಯುವುದು. ತುಟಿ ಮಣ್ಣಿಗೆ ತಾಗುವುದೇ ಇಲ್ಲ. ಹತ್ತು ಮನೆಯ, ಹತ್ತು ಜಾತಿಯ ಗಂಡಸರು ಒಂದೇ ಚಿಲುಮಿ ಸೇದಿಯೂ ಎಂಜಲಾಗಲಿಲ್ಲ ಎಂದು ಮನೆಗೆ ಬರುತ್ತಿದ್ದ ಉಪಾಯ ಇದೇ! ಗಂಡಸರ ಶಾಸ್ತ್ರಕ್ಕೆ ಎಷ್ಟು ಸುಲಭದ ದಾರಿ ನೋಡಿ.

ಇದು ಮಣ್ಣಿನದೇ ಏಕೆ ಆಗಬೇಕು? ಕೆಂಡ ಇಡುವ ಜಾಗ, ಮರ ಸುಟ್ಟುಹೋಗುತ್ತದೆ, ತಗಡು ಕೈ ಸುಡುತ್ತದೆ. ಮಣ್ಣು ಅಗ್ಗ, ಕುಂಬಾರ ಊರಿನಲ್ಲೇ ಇದ್ದಾನೆ. ಇನ್ನೊಂದು ಗುಣವೂ ಇದೆ. ಒಳಗೆ ಕರಿ ಜಿಡ್ಡು ಕಟ್ಟಿ ಹೊಗೆ ಬಾರದಾದರೆ ಮಣ್ಣಿನದನ್ನು ಬೆಂಕಿಗೇ ಹಾಕಬಹುದು. ನಮ್ಮ ಆಯಿ ರೊಟ್ಟಿ ಬಡಿದಾದ ಮೇಲೆ ಒಲೆಯ ಕೆಂಡದಲ್ಲಿ ಮುತ್ಯಾನ ಚಿಲುಮಿಯನ್ನು ಹೂಳುತ್ತಿದ್ದಳು. ಜಿಡ್ಡೆಲ್ಲ ಉರಿದು, ಬೆಳಿಗ್ಗೆ ಬೂದಿಯಿಂದ ತೆಗೆದರೆ ಹೊಸದರಂತೆ ಕೆಂಪಗೆ. ಬಯ್ಯುತ್ತಲೇ ಹೂಳುತ್ತಿದ್ದಳು, ಬಯ್ಯುತ್ತಲೇ ತೆಗೆದುಕೊಡುತ್ತಿದ್ದಳು. ತನ್ನ ಬಾಯಲ್ಲಿ ಮಾತ್ರ ಎಲೆಯ ಜೊತೆ ತಂಬಾಕಿನ ಎಸಳು ಸದಾ ಇರುತ್ತಿತ್ತು. ಅದನ್ನು ಯಾರೂ ಎಣಿಸಲಿಲ್ಲ, ಅವಳೂ ಎಣಿಸಲಿಲ್ಲ.

ಬೇರೆ ದೇಶಗಳಲ್ಲೂ ಮೊದಮೊದಲು ಮಣ್ಣೇ. ಇಂಗ್ಲೆಂಡ್, ಹಾಲೆಂಡ್‌ಗಳಲ್ಲಿ ಬಿಳಿ ಜೇಡಿಯಿಂದ ಉದ್ದ ಕಾಲಿನ, ಡೊಂಕು ತಲೆಯ ಚಿಲುಮಿ ಮಾಡುತ್ತಿದ್ದರು. ತಂಬಾಕು ಬಹಳ ದುಬಾರಿಯಾಗಿದ್ದ ಶುರುವಿನ ಕಾಲದಲ್ಲಿ ಆ ತಲೆ ಬೆರಳ ತುದಿ ಹಿಡಿಯುವಷ್ಟು ಚಿಕ್ಕದು. ಅಗ್ಗವಾಗುತ್ತಾ ಬಂದಂತೆ ದೊಡ್ಡದಾಯಿತು. ಕಾಲಿನ ರಂಧ್ರ ಹಳೆಯದರಲ್ಲಿ ದೊಡ್ಡದು, ಹೊಸದರಲ್ಲಿ ಸಣ್ಣದು. ಹಾಳು ಬಿದ್ದ ಊರನ್ನು ಅಗೆಯುವ ಪಂಡಿತರು ಮುರಿದ ತುಂಡುಗಳ ರಂಧ್ರ ಅಳೆದು ಮನೆ ಯಾವ ಕಾಲದ್ದೆಂದು ಹೇಳುತ್ತಾರೆ! ಆಮೇಲೆ ಬೆಂಕಿಗೆ ಬೇಗ ಜಗ್ಗದ ಒಂದು ಪೊದೆಯ ಬೇರುಗಂಟು, ತುರ್ಕಿಯ ಹಗುರ ಬಿಳಿ ಕಲ್ಲು, ಮೆಕ್ಕೆಜೋಳದ ಬೆಂಡು, ಹೀಗೆ ಯಾರ ಹಿತ್ತಲಲ್ಲಿ ಏನಿತ್ತೋ ಅದು. ಸಿನಿಮಾದ ಸಾಹೇಬರ ಬಾಯಲ್ಲಿ ಕಾಣುವ ಪೈಪು ಆ ಬೇರುಗಂಟಿನದು.

ಈಗ ವೈನಿಯ ಕತೆ. ಹೊಸ ಮನೆ ಆಗುವ ತನಕ ಅಣ್ಣನ ಸಂಸಾರ ಎದುರಿನ ಬಾಡಿಗೆ ಮನೆಯಲ್ಲಿದೆ. ಅಲ್ಲಿಯ ಶೋಕೇಸಿನಲ್ಲಿ ವೈನಿ ಒಂದು ಗಾಜಿನ ಹೂದಾನಿ ಇಟ್ಟಿದ್ದಳು. ಕೆಳಗೆ ಗಂಟೆಯ ಹಾಗೆ ಅಗಲ, ಮೇಲೆ ಸಪೂರ ಕುತ್ತಿಗೆ, ನೀಲಿ ಬಣ್ಣ, ಅದರ ತುಂಬಾ ಸೇವಂತಿಗೆ. "ಎಷ್ಟು ಚಂದ ಅದ ಅಲ್ಲ? ತಮ್ಮನ ಕ್ವಾಣ್ಯಾಗ ಸುಮ್ಮ ಬಿದ್ದಿತ್ತು. ಜೋಡಿ ಒಂದು ರಬ್ಬರ್ ಪೈಪೂ ಇತ್ತು, ಗಿಡಕ್ಕ ನೀರು ಹಾಕ್ಲಿಕ್ಕೆ ಆಗ್ತದಂತ ಇಟ್ಟೀನಿ" ಅಂದಳು. 'ತಮ್ಮ' ಅಂದರೆ ಅಣ್ಣನ ಮಗ, ದೊಡ್ಡ ನಗರದಲ್ಲಿ ಓದುತ್ತಿರುವವನು, ರಜೆಗೆ ಬಂದಿದ್ದ. ಅವನ ಮುಖ ನೋಡಿದೆ. ಅವನು ನೆಲ ನೋಡಿದ.

ಅದೇ ಶೋಕೇಸಿನಲ್ಲಿ ಆ ಗಾಜಿನ ಪಕ್ಕಕ್ಕೇ ಅಣ್ಣನ ಮದುವೆಗೆ ಯಾರೋ ಕೊಟ್ಟ ಬಿದ್ರಿಯ ಹೂದಾನಿ ನಿಂತಿತ್ತು. ಕಪ್ಪು ಮೈ, ಬೆಳ್ಳಿಯ ಬಳ್ಳಿ. ಎರಡನ್ನೂ ಒಟ್ಟಿಗೆ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಆಕಾರ ಒಂದೇ! ಬೀದರಿನ ಕುಶಲಿಗರ ಕೈಯಿಂದ ಹಿಂದಿನ ಕಾಲದಲ್ಲಿ ಹೊರಟ ಸಾಮಾನುಗಳಲ್ಲಿ ಹುಕ್ಕಾದ ಬುಡಕ್ಕೆ ದೊಡ್ಡ ಹೆಸರು. ನವಾಬರು, ಜಹಗೀರುದಾರರ ಮನೆಯಲ್ಲಿ ಬಂದವರ ಮುಂದೆ ಅದನ್ನು ಇಡುವುದೇ ಮರ್ಯಾದೆ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರು ಇಂಥವನ್ನು ನೋಡಿರುತ್ತೀರಿ.

ಬಿದ್ರಿ ಮಾಡುವ ಬಗೆ ಗೊತ್ತಿಲ್ಲದಿದ್ದರೆ ಕೇಳಿ. ಸತುವು ಹೆಚ್ಚು, ತಾಮ್ರ ಸ್ವಲ್ಪ, ಎರಡನ್ನೂ ಕರಗಿಸಿ ಮಣ್ಣಿನ ಅಚ್ಚಿಗೆ ಎರೆಯುತ್ತಾರೆ. ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ, ಕಪ್ಪಾದ ಮೈಮೇಲೆ ಚಿತ್ರ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನೋ ತೆಳು ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಅದ್ದಿದರೆ ಮೈಯೆಲ್ಲ ಕಾಡಿಗೆ ಕಪ್ಪು, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ! ಆ ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ಕುಶಲಿಗರು ನಾಲಗೆಗೆ ಹಚ್ಚಿ ನೋಡುತ್ತಾರೆ, ನಾವು ಸಾರಿನ ಉಪ್ಪು ನೋಡಿದ ಹಾಗೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು.

ಹುಕ್ಕಾದ ಬುಡ ಮೊದಲು ಗಂಟೆಯಾಕಾರ ಇರಲಿಲ್ಲ, ಚೆಂಡಿನಂತೆ ದುಂಡಗಿತ್ತು. ದುಂಡಗಿನದು ನೆಲದ ಮೇಲೆ ನಿಲ್ಲುತ್ತದೆಯೇ? ಅದಕ್ಕೆ ಕೆಳಗೆ ಒಂದು ಬಳೆ ಇಡುತ್ತಿದ್ದರು, ನಾವು ಕೊಡಕ್ಕೆ ಸಿಂಬಿ ಇಡುವುದಿಲ್ಲವೇ, ಹಾಗೆ. ಆ ಬಳೆಗೂ ಬೆಳ್ಳಿಯ ಕೆತ್ತನೆ. ಹದಿನೆಂಟನೆಯ ಶತಮಾನದ ಹೊತ್ತಿಗೆ ಬುಡ ಅಗಲವಾಗಿ ತಾನೇ ನಿಲ್ಲುವ ಗಂಟೆಯಾಯಿತು. ಬಡವರದು ತೆಂಗಿನ ಚಿಪ್ಪು: ಚಿಪ್ಪಿನೊಳಗೆ ನೀರು, ಒಂದು ತೂತಿಗೆ ಕೊಳವೆ, ಅದರ ತಲೆಗೆ ಮಣ್ಣಿನ ಚಿಲುಮಿ, ಇನ್ನೊಂದು ತೂತಿನಿಂದ ಎಳೆಯುವುದು. ಎಳೆದಾಗ ನೀರು ಮಾಡುವ ಸದ್ದಿನಿಂದಲೇ ನಮ್ಮವರು ಅದನ್ನು ಗುಡಗುಡಿ ಅಂದರು. ತುರ್ಕಿಯವರು ಹುಕ್ಕಾವನ್ನು 'ನರ್ಗಿಲೆ' ಅನ್ನುತ್ತಾರೆ. ಅದು ನಮ್ಮ ನಾರಿಕೇಳ ಶಬ್ದವೇ ಪರ್ಶಿಯನ್ನರ ಬಾಯಿಂದ ಹಾದು ಹೋದದ್ದು. ತೆಂಗಿನಕಾಯಿ ಬೆಳೆಯದ ನಾಡಿನಲ್ಲೂ ತೆಂಗಿನಕಾಯಿಯ ಹೆಸರು!

ರಾತ್ರಿ ಊಟವಾದ ಮೇಲೆ ಹುಡುಗನನ್ನು ಒಬ್ಬನನ್ನೇ ಕಟ್ಟೆಗೆ ಕರೆದೆ. ಬಯ್ಯಲಿಲ್ಲ. "ಅತ್ಯಾ, ಇದು ಬೀಡಿ ಅಲ್ಲ. ಹೊಗಿ ನೀರಿನಾಗ ಸೋಸಿ ಬರ್ತದ. ಸೇಬಿನ ವಾಸನಿ ಇರ್ತದ, ಏನೂ ಆಗಂಗಿಲ್ಲ" ಅಂದ. ನಾನು ಮುತ್ಯಾನ ಚಿಲುಮಿ ಅವನ ಕೈಗೆ ಕೊಟ್ಟೆ. ಮುತ್ಯಾನೂ ಒದ್ದೆ ಬಟ್ಟೆ ಸುತ್ತಿದರೆ ಎಲ್ಲಾ ಸೋಸುತ್ತದೆ ಅನ್ನುತ್ತಿದ್ದ. ಕೊನೆಯ ಎರಡು ವರ್ಷ ಅವನಿಗೆ ಮಲಗಲು ಬರುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಉಸಿರು ಎಳೆಯುತ್ತಿದ್ದ. ಆಯಿ ಬೆನ್ನು ಉಜ್ಜುತ್ತಾ ಬೆಳಗು ಮಾಡುತ್ತಿದ್ದಳು. ಪಕ್ಕದ ಹಾಸಿಗೆಯಲ್ಲಿದ್ದ ನನಗೆ ಆ ಎದೆಯೊಳಗಿನ ಸದ್ದು ಕೇಳುತ್ತಿತ್ತು. ಅದೂ ಗುಡಗುಡಿಯೇ.

ತಾಯಂದಿರೇ, ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ವಿಷವನ್ನು ತೆಗೆಯುವುದಿಲ್ಲ. ತಣ್ಣಗಾದದ್ದರಿಂದಲೇ ಗಂಟಲು ಉರಿಯದೆ ಇನ್ನಷ್ಟು ಆಳಕ್ಕೆ ಎಳೆಯಲು ಬರುತ್ತದೆ. ಒಂದು ಸಲ ಹುಕ್ಕಾದ ಮುಂದೆ ಕೂತು ಎದ್ದರೆ ನೂರು ಸಿಗರೇಟಿನಷ್ಟು, ಅದಕ್ಕೂ ಹೆಚ್ಚು ಹೊಗೆ ಒಳಗೆ ಹೋಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2005ರಲ್ಲೇ ಹೇಳಿದ್ದಾರೆ. ಮೇಲಿನ ಇದ್ದಿಲಿನ ಗಾಳಿ ಬೇರೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬಾರದು ಎಂದು ನಮ್ಮ ಹಿರಿಯರು ಹೇಳುವುದು ಅದೇ ಗಾಳಿಗೆ ಹೆದರಿ. ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹುಕ್ಕಾದ ಮಾರಾಟ, ಸೇವನೆ ಎರಡನ್ನೂ ನಿಷೇಧಿಸಿತು. ಪೆನ್ನಿನ ಹಾಗೆ ಕಾಣುವ, ಬ್ಯಾಟರಿಯಿಂದ ನಡೆಯುವ ಸಿಗರೇಟೂ ಇದೆ. ಅದು 2019ರಿಂದ ದೇಶದಲ್ಲೇ ನಿಷೇಧ. ಮಕ್ಕಳ ಜೇಬಿನಲ್ಲಿ ಬರೆಯದ ಪೆನ್ನು ಸಿಕ್ಕರೆ ತಿರುಗಿಸಿ ನೋಡಿ.

ಮರುದಿನ ಹುಡುಗನನ್ನೂ ಕರೆದುಕೊಂಡು ಕುಂಬಾರರ ಓಣಿಗೆ ಹೋದೆ. ಹರವಿ, ಗಡಿಗೆ, ಹೂಕುಂಡಗಳ ನಡುವೆ ಒಬ್ಬ ಮುದುಕಿ ಪಣತಿ ಒಣಗಿಸುತ್ತಿದ್ದಳು. "ಯವ್ವಾ, ಚಿಲುಮಿ ಮಾಡ್ತೀರೇನು?" ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಿಗ್ ಬೇಕ್ ತಂಗಿ? ನಿನಗೇನ?" ಹುಡುಗ ನಕ್ಕುಬಿಟ್ಟ. ಮುತ್ಯಾನ ಹೆಸರು ಹೇಳಿದ ಮೇಲೆ ಗುರುತು ಹತ್ತಿ ಕೂರಿಸಿದಳು. ಬೀಡಿ ಬಂದ ಮೇಲೆ ಚಿಲುಮಿ ಕೇಳುವವರೇ ಇಲ್ಲವಾದರಂತೆ. ಬೀಡಿಗೆ ಕೆಂಡ ಬೇಡ, ಕಲ್ಲು ಬೇಡ, ಜೇಬಿನಲ್ಲಿ ಒಯ್ಯಬಹುದು. (ಆ ಬೀಡಿ ಸುತ್ತುವ ಕೈಗಳಲ್ಲಿ ಬಹುಪಾಲು ನಮ್ಮ ಹೆಂಗಸರವೇ, ಅದು ಬೇರೆಯೇ ಕತೆ.) ತಿಗರಿ ಗಂಡಸರದು, ಆಕೆ ಮುಟ್ಟುವುದಿಲ್ಲ, ಆದರೆ ಚಿಲುಮಿಗೆ ತಿಗರಿ ಬೇಕಿಲ್ಲ. ನಯವಾದ ಒಂದು ಕಟ್ಟಿಗೆ ಕಡ್ಡಿಗೆ ಬೂದಿ ಸವರಿ, ಮುಷ್ಟಿ ಮಣ್ಣು ಸುತ್ತಿ, ತೊಡೆಯ ಮೇಲಿನ ಹಲಗೆಯಲ್ಲಿ ಉರುಳಿಸಿದಳು. ಮೇಲಿನ ತುದಿಗೆ ಹೆಬ್ಬೆರಳು ಒತ್ತಿ ಅಗಲ ಮಾಡಿದಳು. ಕಡ್ಡಿ ತಿರುವಿ ಹಿರಿದಳು. ನಾನು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಳ್ಳುವಷ್ಟರಲ್ಲಿ ಚಿಲುಮಿ ಆಗಿತ್ತು.

ನಮ್ಮ ಮಾಡದ ಚಿಲುಮಿ ತೋರಿಸಿದೆ. ತಿರುಗಿಸಿ ನೋಡಿ, "ಇದು ನಮ್ಮತ್ತೀ ಕೈಲಿಂದು" ಅಂದಳು. ಕುತ್ತಿಗೆಗೆ ಉಗುರಿನಿಂದ ಗೀರಿದ ಎರಡು ಗೆರೆ ಇದ್ದವು. ಅದೇ ಗುರುತಂತೆ. ನಾನು ಇಷ್ಟು ದಿನ ಅದನ್ನು ಬಿರುಕು ಅಂದುಕೊಂಡಿದ್ದೆ!

ಹೊಸದನ್ನು ಸುಟ್ಟು ಕೊಡಿ, ದುಡ್ಡು ಕೊಡುತ್ತೇನೆ ಅಂದೆ. "ಒಂದಕ್ಕ ಆವಿಗಿ ಯಾರ್ ಹಚ್ತಾರವ್ವ" ಎಂದು ಅದನ್ನು ಮುದ್ದೆ ಮಾಡಿ ಪಣತಿಯ ಮಣ್ಣಿಗೆ ಸೇರಿಸಿದಳು. ಹುಡುಗ ಬಾಯಿ ತೆರೆದು ನೋಡುತ್ತಿದ್ದ. ದಾರಿಯುದ್ದಕ್ಕೂ ಮಾತಾಡಲಿಲ್ಲ.

ಅವನು ರಜೆ ಮುಗಿಸಿ ಹೋದ. ನಾನೂ ಚಂಚಿ, ಚಿಲುಮಿ ಎರಡನ್ನೂ ಸೀರೆಯಲ್ಲಿ ಸುತ್ತಿ ನಮ್ಮೂರಿಗೆ ತಂದೆ. ಗಾಜಿನ ಬುಡ ಅಲ್ಲೇ ಶೋಕೇಸಿನಲ್ಲಿದೆ. ಅದೇನೆಂದು ಅಣ್ಣನಿಗೂ ವೈನಿಗೂ ಹೇಳಿಯೇ ಬಂದೆ. ವೈನಿ ಅತ್ತಳು, ಆಮೇಲೆ ಒಗೆಯಲು ಮನಸ್ಸಾಗದೆ ಸೇವಂತಿಗೆ ಬದಲಾಯಿಸಿದಳು. ಆ ರಬ್ಬರ್ ಪೈಪು ಎಲ್ಲಿದೆ ಎಂದು ನಾನು ಎರಡು ಸಲ ಫೋನಿನಲ್ಲಿ ಕೇಳಿದೆ. ಇಟ್ಟ ಜಾಗದಲ್ಲಿ ಇಲ್ಲವಂತೆ. ಹುಡುಕುತ್ತೇನೆ ಅಂದಿದ್ದಾಳೆ.